ನಡುಗಡ್ಡೆಗೆ ಏಳು ಖಣ

ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ದಿನ, ಯಾರೂ ಇಲ್ಲದ ಕಡೆಗೆ ನಾನು ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ. ಬೆಟಗೇರಿಯಿಂದ ಬೆಳಗಿನ ಮೊದಲ ಬಸ್ಸಿಗೆ ಗದಗ, ಅಲ್ಲಿಂದ ಡಂಬಳದ ಮೇಲೆ ಹಾಯ್ದು ಮುಂಡರಗಿ, ಮುಂಡರಗಿಯಿಂದ ಟಂಟಂ ಹಿಡಿದು ಹೊಳೆಸಾಲಿನ ಒಂದು ಹಳ್ಳಿ. ಆಮೇಲೆ ಕಾಲ್ನಡಿಗೆ. ಬುತ್ತಿಗಂಟು ತಲೆಯ ಮೇಲೆ, ನೀರಿನ ತಂಬಿಗೆ ಕೈಯಲ್ಲಿ. ಟಂಟಂನಲ್ಲಿ ಕೂತ ಹೆಂಗಸರು ಕೇಳುತ್ತಾರೆ: "ಯಾರ ಹೊಲಕ್ಕ ಹೊಂಟೀರಿ ಅಕ್ಕಾರ?" ನಮ್ಮದೇ ಅನ್ನುತ್ತೇನೆ. ಆ ಹೊಲ ಈಗ ನೀರಿನ ಕೆಳಗಿದೆ ಎಂದು ಹೇಳುತ್ತ ಕೂತರೆ ಅವರು ಇಳಿಯುವ ಊರು ಬಂದುಬಿಡುತ್ತದೆ.

ಆ ದಂಡೆಯಲ್ಲಿ ಮರಳು ಕಡಿಮೆ, ಕಲ್ಲೇ ಜಾಸ್ತಿ. ಯಾರೋ ಏನೋ ಕಟ್ಟಬೇಕೆಂದು ತಂದು, ಮನಸ್ಸು ಬದಲಿಸಿ ಹಾಗೇ ಬಿಟ್ಟುಹೋದಂತೆ ಬಂಡೆಗಳು ನೀರಿನವರೆಗೂ ಬಿದ್ದಿವೆ. ಅದರಾಚೆ ತುಂಗಭದ್ರೆ, ಹೊಳೆಯ ನಡುವೆ ನಾಲ್ಕು ನಡುಗಡ್ಡೆಗಳು. ನಾನು ಬೆಳೆಯುವಾಗ ಅವು ನಾಲ್ಕು ಹೊಲ. ಮಳೆಗಾಲದ ಕೆಂಪು ನೀರು ಇಳಿದ ಮೇಲೆ ಕಲ್ಲಿನ ಸುತ್ತ ಕಪ್ಪು ಮೆಕ್ಕಲು ಮಣ್ಣು ಬಿಡುತ್ತಿತ್ತು. ದೀಪಾವಳಿ ಮುಗಿದದ್ದೇ ತಡ, ಗಂಗಾಳ, ಗುದ್ದಲಿ, ಕೋಳಿ, ಮಕ್ಕಳು ಎಲ್ಲ ಹರಗೋಲಿನಲ್ಲಿ ದಾಟಿ ಅಲ್ಲಿಗೆ ಹೋಗಿ ಗುಡಿಸಲು ಹಾಕುತ್ತಿದ್ದರು. ಬದನೆ, ಸೌತೆ, ಮೆಣಸಿನಕಾಯಿ, ಕಲ್ಲಂಗಡಿ. ಯುಗಾದಿಯವರೆಗೂ ಅಲ್ಲೇ ಬದುಕು.

ಒಂದು ನಡುಗಡ್ಡೆ ನನ್ನ ದೊಡ್ಡವ್ವನದು. ತಾಯಿ ತೀರಿದ ಮೇಲೆ ನನ್ನನ್ನು ಸಾಕಿದವಳು ಅವಳು, ನನ್ನ ತಾಯಿಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದಳು. ಅವಳು ಅಳುಬುರುಕಿಯಾಗಿದ್ದರೆ ನಾನೂ ಹಾಗೇ ಆಗುತ್ತಿದ್ದೆನೇನೋ. ಅವಳು ಮಾತಿನವಳು. ಬದನೆಗಿಡಕ್ಕೂ ಬೈದು ನೀರು ಹಾಕುವವಳು. ನನ್ನ ಬಾಯಲ್ಲಿರುವ ಕನ್ನಡವೆಲ್ಲ ಆ ಗುಡಿಸಲಲ್ಲಿ ಬಿದ್ದದ್ದು.

ಪಶ್ಚಿಮಕ್ಕೆ, ನಮಗೂ ದಂಡೆಗೂ ನಡುವೆ, ಇನ್ನೊಂದು ನಡುಗಡ್ಡೆ. ಅದು ಬೂಬುವಿನದು. ದೊಡ್ಡವ್ವ ಅವಳನ್ನು ಬೂಬು ಎನ್ನುತ್ತಿದ್ದಳು, ನಾನು ಚಿಗವ್ವ ಎನ್ನುತ್ತಿದ್ದೆ. ಗಂಡ ಹಾಸಿಗೆ-ಗಾದಿ ಹೊಲಿಯಲು ಊರೂರು ತಿರುಗುವ ಮನುಷ್ಯ, ಹೊಲವೆಲ್ಲ ಅವಳ ಕೈಯಲ್ಲಿ. ಅವಳು ಹುಟ್ಟು ಹಾಕಿದರೆ ಹರಗೋಲು ಗಂಡಸರ ಕೈಯಲ್ಲಿ ಇರುವುದಕ್ಕಿಂತ ನೆಟ್ಟಗೆ ಹೋಗುತ್ತಿತ್ತು. ಅವಳ ತೋಳು ನನ್ನ ತೊಡೆಯಷ್ಟಿತ್ತು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಜಾಲಿಯ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಹೋಳಿಗೆ, ಸಜ್ಜೆರೊಟ್ಟಿ, ಪಲ್ಯ, ಬಾನ ಎಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತ ಹೋಗುವುದು. ಚೆಲ್ಲುವವರು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದೆ ನೀರು ಹಾಕುತ್ತ ಬರುವವರು "ಚಲ್ಲಾಂಬ್ರಿಗೋ" ಎಂದು ಉತ್ತರ ಕೊಡಬೇಕು. ಬಯಲುಹೊಲದವರ ಪದ್ಧತಿ ಇದು. ನಮ್ಮ ನಡುಗಡ್ಡೆಗಳಲ್ಲಿ ಒಂದು ಮಾತು ಹೆಚ್ಚಿಗೆ ಇತ್ತು: ಉತ್ತರ ಹಿಂದಿನಿಂದ ಬಂದರೆ ಸಾಲದು, ನೀರಿನ ಆಚೆಯಿಂದ ಬರಬೇಕು. ಯಾಕೆಂದು ಕೇಳಿದ್ದಕ್ಕೆ ದೊಡ್ಡವ್ವ, "ನೀರಿನ ನಡುವ ಕುಂತೀವಿ. ಇಲ್ಲಿ ಒಂದ ಜೀವ ಐತಿ ಅಂತ ಆ ಕಡಿಯಾಕಿಗಿ ಗೊತ್ತಿರಬೇಕಲ್ಲ?" ಅಂದಿದ್ದಳು.

ಹೀಗಾಗಿ ದೊಡ್ಡವ್ವ ಕೂಗುವುದು, ಬೂಬು ಉತ್ತರ ಕೊಡುವುದು. ಆಮೇಲೆ ಬೂಬು ತನ್ನ ಹೊಲದಲ್ಲಿ ಕೂಗುವುದು, ದೊಡ್ಡವ್ವ ಉತ್ತರ ಕೊಡುವುದು. ನಾನು ತಂಬಿಗೆ ಹಿಡಿದು ಹಿಂದೆ. ಮೂಡಗಾಳಿಯ ಥಂಡಿಗೆ ನನ್ನ ಕಿವಿಗೆ ದೊಡ್ಡವ್ವ ಟಾವೆಲ್ಲು ಬಿಗಿದಿರುತ್ತಿದ್ದಳು. ನೀರು ತುಳುಕದಂತೆ ತಲೆ ಬಗ್ಗಿಸಿ ನಡೆಯುವುದೇ ನನ್ನ ಕೆಲಸ. ದೊಡ್ಡವ್ವ ಕೂಗಿ, ಪಶ್ಚಿಮಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ನಂತರ, "ಹಾಂ, ಕೊಟ್ಲು" ಎಂದು ಮುಂದೆ ನಡೆಯುತ್ತಿದ್ದಳು. ನನಗೆ ಏನೂ ಕೇಳಿಸುತ್ತಿರಲಿಲ್ಲ. ದೊಡ್ಡವ್ವನ ಕಿವಿ ಬಹಳ ಚುರುಕು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ದೊಡ್ಡವಳಾದ ಮೇಲೆ ನಾನು ಬೆಟಗೇರಿಗೆ ಬಂದು ಹೊಲಿಗೆಯಂಗಡಿ ಹಾಕಿದೆ. ಮದುವೆ ಆಗಲಿಲ್ಲ, ಅದೊಂದು ಬೇರೆ ಕತೆ, ಬಹಳ ದೊಡ್ಡದೂ ಅಲ್ಲ. ಎಳ್ಳಮಾವಾಸ್ಯೆಗೆ ಅಂಗಡಿಯಲ್ಲಿ ಲಗ್ನದ ಕುಬಸಗಳ ರಾಶಿ ಇರುತ್ತಿತ್ತಾಗಿ ನಡುಗಡ್ಡೆಗೆ ಹೋಗುವುದು ತಪ್ಪಿತು. ಮುಂದೆ ಹೊಳೆಗೆ ಕೆಳಗಡೆ ಬ್ಯಾರೇಜು ಆಯಿತು. ನೀರು ಇಳಿಯುವುದು ನಿಂತಿತು. ಮೆಕ್ಕಲು ಹೊಲ ಮುಳುಗಿ ನಡುವಿನ ಕಲ್ಲುಗುಡ್ಡೆ ಮಾತ್ರ ಉಳಿಯಿತು. ಬೂಬುವಿನ ನಡುಗಡ್ಡೆ ತಗ್ಗಿನದು, ಪೂರ್ತಿ ಹೋಯಿತು. ಪರಿಹಾರ ಬಂತು, ಜನ ಚೆದುರಿದರು. ಬೂಬುವಿನ ಮನೆಯವರು ಲಕ್ಷ್ಮೇಶ್ವರದ ಕಡೆಗೆ ಎಂದಷ್ಟೇ ಸುದ್ದಿ. ಹೊರಡುವ ಮುಂಚೆ ಇಬ್ಬರೂ ಹೆಂಗಸರು ಮಾತು ಕೊಟ್ಟುಕೊಂಡಿದ್ದರಂತೆ: ಎಲ್ಲೇ ಇರಲಿ, ಎಳ್ಳಮಾಸಿಗೆ ಹೊಳೆಗೆ ಬರಬೇಕು, ಒಬ್ಬಳು ಕೂಗಬೇಕು, ಒಬ್ಬಳು ಉತ್ತರ ಕೊಡಬೇಕು.

ದೊಡ್ಡವ್ವ ನನ್ನ ಮನೆಗೆ ಬಂದ ಎರಡನೇ ತಿಂಗಳಿಗೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಎಳ್ಳಮಾವಾಸ್ಯೆಗೆ ಕಾಲಿಗೆ ಪಟ್ಟಿ, ಮಂಚದ ಮೇಲೆ ಮಲಗಿದ್ದಾಳೆ. ನನ್ನ ಕೈಗೆ ಕುಬಸದ ಬಟ್ಟೆ, ಒಂದು ಗುಳೇದಗುಡ್ಡದ ಖಣ ಕೊಟ್ಟು, "ನೀ ಹೋಗಿ ಕೂಗಿ ಬಾ. ಇದನ್ನ ಬೂಬೂಗ ಕೊಡು. ಉತ್ತರ ಬಂತೋ ಇಲ್ಲೋ ಬಂದು ಹೇಳು" ಅಂದಳು.

ಹೋದೆ. ಹರಗೋಲಿನವನು ಹೊಳೆಸಾಲಿನ ಹಳ್ಳಿಯವನೇ, ಮೀನು ಹಿಡಿಯುವವನು. ನನ್ನನ್ನು ಗುಡ್ಡೆಗೆ ಇಳಿಸಿ ತಾನು ಬಲೆ ನೋಡಲು ಹೋದ. ಗುಡಿಸಲಿನ ಕಲ್ಲುಗೋಡೆ ಮೊಣಕಾಲೆತ್ತರ ಉಳಿದಿತ್ತು. ಒಲೆಯ ಮೂರು ಕಲ್ಲು ಹಾಗೇ ಇದ್ದವು, ನಡುವೆ ಬೂದಿ ಇಲ್ಲ. ಬಳ್ಳಾರಿ ಜಾಲಿ ಬೆಳೆದು ದಾರಿ ಮುಚ್ಚಿತ್ತು. ಚರಗ ಚೆಲ್ಲಲು ಹೊಲವಿಲ್ಲ, ನೀರಿನ ಅಂಚಿಗೇ ಚೆಲ್ಲುತ್ತ ಒಂದು ಸುತ್ತು ಬಂದೆ. ಕೂಗಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಊರೊಳಗೆ ಯಾರೂ ಹಾಗೆ ಬಾಯಿ ತೆಗೆದು ಕೂಗುವುದಿಲ್ಲವಲ್ಲ. ಎರಡು ಬೆಳ್ಳಕ್ಕಿ ಎದ್ದು ಹೋದವು. ನಿಂತೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ದಂಡೆಯ ಮೇಲೆ ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ದೊಡ್ಡವ್ವ ಕತ್ತು ಎತ್ತಿ ಕೇಳಿದಳು: "ಬಂತೇನ ಉತ್ತರ?"

ಆ ಮುಖ ನೋಡಿ ನನ್ನ ಬಾಯಿ ತಾನೇ ಹೇಳಿತು: "ಬಂತು ದೊಡ್ಡವ್ವ. ಗಂಟಿ ಬಾರಿಸಿದಂಗ ಕೇಳ್ತು."

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಹೂಂ" ಅಂದಳು. ಅಷ್ಟೇ. ಬೂಬು ಹೇಗಿದ್ದಾಳೆ, ಏನು ಅಂದಳು, ಒಂದೂ ಕೇಳಲಿಲ್ಲ. ನನಗೂ ಹೆಚ್ಚಿನ ಸುಳ್ಳು ಹೆಣೆಯುವ ಕಷ್ಟ ತಪ್ಪಿತು. ಖಣವನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಹೀಗೆ ಏಳು ವರ್ಷ ನಡೆಯಿತು. ಪ್ರತಿ ವರ್ಷ ಒಂದು ಖಣ, ಅದೇ ಒಂದು ಪ್ರಶ್ನೆ, ಅದೇ ಒಂದು ಉತ್ತರ, ಅದೇ "ಹೂಂ". ದೊಡ್ಡವ್ವ ಕೋಲು ಹಿಡಿದು ಪಡಸಾಲೆಯವರೆಗೆ ನಡೆಯುವಷ್ಟಾದಳು, ಬಸ್ಸು ಹತ್ತುವಷ್ಟಾಗಲಿಲ್ಲ. ನಾನು ಗುಡ್ಡೆಗೆ ಹೋಗುವುದು ಮಾತ್ರ ರೂಢಿಯಾಯಿತು. ಕೂಗು ಮುಗಿದ ಮೇಲೆ ಹರಗೋಲಿನವನು ಉಳಿದ ನಡುಗಡ್ಡೆಗಳನ್ನೂ ತೋರಿಸುತ್ತಿದ್ದ. ಒಂದರಲ್ಲಿ ಬೀಸುಕಲ್ಲು ಒಂದೇ ಕೂತಿದೆ, ಅದರ ತೂತಿನಲ್ಲಿ ಹುಲ್ಲು. ಇನ್ನೊಂದರಲ್ಲಿ ಯಾರೋ ಮಗುವಿಗೆ ಜೋಳಿಗೆ ಕಟ್ಟುತ್ತಿದ್ದ ಜಾಲಿಯ ಕೊಂಬೆ, ಹಗ್ಗ ಕಚ್ಚಿದ ಗುರುತು ಇನ್ನೂ ಇದೆ. ಬೂಬುವಿನದು ಎಂದು ತೋರಿಸಲು ಒಂದು ಒಣಗಿದ ಬೇವಿನ ತುದಿ, ಅದರ ಮೇಲೆ ರೆಕ್ಕೆ ಒಣಗಿಸುತ್ತ ಕೂತ ನೀರುಕಾಗೆ.

"ಅಕ್ಕಾರ, ನೀವು ಚೆಲ್ಲಿದ ಹೋಳಿಗಿ ಯಾರ ತಿಂತಾರ ಗೊತ್ತೇನ್ರಿ?" ಅಂದ ಒಂದು ವರ್ಷ.

"ಯಾರ?"

"ನೀರನಾಯಿ. ನಿಮ್ಮ ಹರಗೋಲು ಕಂಡ್ರ ಸಾಕು, ಮರಿ ಕಟಗೊಂಡ ಬಂದು ಕುಂಡ್ರತಾವ. ಮುಂದಿನ ವರ್ಷ ತುಪ್ಪ ಒಂದೀಟ ಹೆಚ್ಚಿಗಿ ಹಾಕ್ರಿ, ಮಾತ ಬಂದ್ರೂ ಬಂತು, ಉತ್ತರ ಕೊಟ್ಟಾವು."

ನಕ್ಕೆ. ಅವನು ಹುಟ್ಟು ಹಾಕುತ್ತ ಆ ಕಡೆ ತಿರುಗಿದ ಮೇಲೆ ನಗು ನಿಂತಿತು. ವರ್ಷವಿಡೀ ಅಂಗಡಿಯಲ್ಲಿ ಹೆಂಗಸರ ಮಾತಿನ ನಡುವೆ ಇರುವವಳು ನಾನು. ಅಲ್ಲಿ ಮಾತ್ರ, ಕೂಗಿ ನಿಂತ ಆ ಗಳಿಗೆಯಲ್ಲಿ, ನನ್ನ ಹಿಂದೆ ನೀರಿನ ತಂಬಿಗೆ ಹಿಡಿದು ಬರುವವರೂ ಯಾರಿಲ್ಲ ಎನ್ನುವುದು ಗೊತ್ತಾಗುತ್ತಿತ್ತು.

ಈ ಸಲ ಹಬ್ಬಕ್ಕೆ ಎಂಟು ದಿನ ಇರುವಾಗ ದೊಡ್ಡವ್ವ ಹೊಸ ವರಾತ ತೆಗೆದಳು. "ಈ ವರ್ಷ ಖಣ ತರಿಸೂದಿಲ್ಲ. ಏಳು ಕಳಿಸೀನಿ, ಒಂದನ್ನರೆ ಹೊಲಿಸಿ ತೊಟ್ಟ ಖಬರಿಲ್ಲ. ಆಕಿ ಅಳತಿ ತಗೊಂಡ ಬಾ. ನೀನ ಹೊಲಿದು ಕೊಡು."

"ಆಕಿ ಒಲ್ಲೆ ಅಂತಾಳ ದೊಡ್ಡವ್ವ, ನಾಚ್ಕಿ ಸ್ವಭಾವ."

"ಬೂಬುನ? ನಾಚ್ಕಿ?" ದೊಡ್ಡವ್ವ ಕೋಲು ನೆಲಕ್ಕೆ ಕುಟ್ಟಿದಳು. "ಅಳತಿ ಇಲ್ಲದ ಮನಿಗಿ ಬರಬ್ಯಾಡ."

ಇಲ್ಲಿ ನಾನು ಸಿಕ್ಕಿಬಿದ್ದೆ. ದನಿಯ ಬಗ್ಗೆ ಸುಳ್ಳು ಹೇಳಿದ್ದೆ, ಅದು ಗಾಳಿಗೆ ಹೋಗುವ ವಸ್ತು. ಅಳತೆ ಹಾಗಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳ ತೋಳು ಅಳೆಯುವುದು ಮರೆತು ಅಂದಾಜಿನ ಮೇಲೆ ಹೊಲಿದಿದ್ದೆ. ಅಂದು ದೊಡ್ಡವ್ವ ನನ್ನ ಎದುರು ಕೂತು ಇಡೀ ಕುಬಸ ಬಿಚ್ಚಿಸಿದ್ದಳು. ಅಂದಿನಿಂದ ನನ್ನ ಅಳತೆಯ ವಹಿಯಲ್ಲಿ ಅಂದಾಜಿನ ಒಂದು ಅಂಕಿಯೂ ಬಿದ್ದಿಲ್ಲ. ಈಗ ಬೂಬುವಿನ ಹೆಸರಿಗೆ ಸುಳ್ಳು ಅಂಕಿ ಬರೆಯಲು ಪೆನ್ಸಿಲ್ ಹಿಡಿದೆ, ಕೈ ಏಳಲಿಲ್ಲ. ಈ ಸಲ ಒಂದೋ ಬೂಬುವನ್ನು ಹುಡುಕಬೇಕು, ಇಲ್ಲವೇ ದೊಡ್ಡವ್ವನ ಮುಂದೆ ಏಳು ವರ್ಷದ ಸುಳ್ಳನ್ನು ಒಪ್ಪಿಕೊಳ್ಳಬೇಕು.

ಹರಗೋಲಿನವನಿಗೆ ಫೋನು ಮಾಡಿದೆ. ಅವನು ಅಂದ: "ಇಷ್ಟ ವರ್ಷ ಕೇಳಿದ್ರ ಹೇಳತಿದ್ನಲ್ರಿ ಅಕ್ಕಾರ. ಲಕ್ಷ್ಮೇಶ್ವರದಾಗ ಅವರ ಮಗಂದು ಗಾದಿ ಅಂಗಡಿ ಐತಿ." ಕೇಳಿದ್ದರೆ! ಏಳು ವರ್ಷ ನಾನು ಒಬ್ಬರನ್ನೂ ಕೇಳಿರಲಿಲ್ಲ. ಬೂಬು ತೀರಿಹೋಗಿರಬಹುದು ಎಂದು ಒಳಗೊಳಗೇ ತೀರ್ಮಾನಿಸಿ, ಆ ಸುದ್ದಿ ಕಿವಿಗೆ ಬೀಳದಿರಲೆಂದು ಸುಮ್ಮನಿದ್ದೆ, ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಏಳೂ ಖಣ ಚೀಲಕ್ಕೆ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಅಂಗಡಿಯೊಳಗೆ ಹತ್ತಿಯ ಎಳೆ ಬಿಸಿಲಲ್ಲಿ ತೇಲುತ್ತಿತ್ತು. ಮೂಲೆಯಲ್ಲಿ ಒಬ್ಬ ಮುದುಕಿ ಹಳೆಯ ಗಾದಿ ಹರಿದು ಅರಳೆ ಬಿಡಿಸುತ್ತ ಕೂತಿದ್ದಳು. ನನಗೆ ಗುರುತು ಹತ್ತಲಿಲ್ಲ, ಅವಳಿಗೆ ಹತ್ತಿತು.

"ನಡುಗಡ್ಡಿ ಹುಡುಗಿ ಅಲ್ಲೇನ ನೀ? ಕೂದಲ ಬೆಳ್ಳಗಾಗ್ಯಾವ. ನಡಗಿ ಅದ ಐತಿ, ತಂಬಗಿ ಹಿಡದಂಗ."

ನಾನು ಖಣಗಳನ್ನು ಅವಳ ಮುಂದಿಟ್ಟೆ. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಏಳು ವರ್ಷ ದೊಡ್ಡವ್ವ ನಿಮಗ ಕಳಿಸಿದ್ದು, ಚಿಗವ್ವ. ನಾ ಟ್ರಂಕಿನ್ಯಾಗ ಇಟ್ಟೆ. ನೀವು ವರ್ಷಾ ಬಂದು ಉತ್ತರ ಕೊಟ್ರಿ ಅಂತ ಆಕಿಗಿ ಸುಳ್ಳ ಹೇಳ್ದೆ."

ಅವಳು ಒಂದೊಂದೇ ಖಣ ಬಿಡಿಸಿ ಮೊಣಕಾಲ ಮೇಲೆ ಹರವಿಕೊಂಡಳು. ಆಮೇಲೆ ನಕ್ಕಳು, ಹಲ್ಲಿಲ್ಲದ ನಗು. "ಅಂದ್ರ ನಾ ಏಳು ವರ್ಷ ತಪ್ಪಲಾರದ ಬಂದೀನಿ. ನನಗ ಖಬರ ಇರಲಿಲ್ಲ ನೋಡ."

ಮೊದಲ ವರ್ಷ ಅದೇ ತಿಂಗಳು ಅವಳ ಗಂಡ ತೀರಿದನಂತೆ. "ಆ ವರ್ಷ ಆಗಲಿಲ್ಲ. ಮರುವರ್ಷ ಬಸ್‌ಸ್ಟ್ಯಾಂಡ್ ತನಕ ಬಂದೆ. ಆಕಿ ಕೂಗಿ ಕೂಗಿ ಗಂಟಲ ಹರಕೊಂಡಿರತಾಳ, ಈಗ ಯಾವ ಮಾರಿ ಹೊತ್ಕೊಂಡ ಹೋಗ್ಲಿ ಅನಿಸ್ತು. ತಿರುಗಿ ಬಂದೆ. ಒಂದ ಸಲ ತಪ್ಪಿದ್ದು, ಹಂಗ ತಪ್ಪಿಕೋತ ಹೋತು."

ನಾನು ಟೇಪು ತೆಗೆದೆ. ಅವಳು ನನ್ನ ಕೈ ಹಿಡಿದು ತಡೆದಳು. "ಇಲ್ಲಿ ಬ್ಯಾಡ. ಎಳ್ಳಮಾಸಿಗಿ ಹೊಳಿಗಿ ಬರ್ತೀನಿ. ಕೊಟ್ಟ ಮಾತ ಮುಗಸ್ತೀನಿ. ಆಮ್ಯಾಲ ಅಳಿ."

ಸೂಜಿಗೆ ದಾರ ಪೋಣಿಸುತ್ತಿದ್ದ ಮಗ ತಲೆ ಎತ್ತಿದ. "ಅಮ್ಮಾ, ನಿನ್ನ ಮೊಣಕಾಲು ಸಂಡಾಸಕ್ಕ ಹೋಗೂದ ಕಷ್ಟ. ಹರಗೋಲ ಹತ್ತತೀಯೇನು?"

"ಮೊಣಕಾಲ ನಂದು. ನೀ ಗಾದಿ ಹೊಲಿ."

ಹರಗೋಲು ಹತ್ತಲು ಕಡೆಗೂ ಆಗಲಿಲ್ಲ. ಎಳ್ಳಮಾವಾಸ್ಯೆಯ ದಿನ ಮಗ ಗಾದಿ ಸಾಗಿಸುವ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು, ಶಿರಹಟ್ಟಿಯ ಮೇಲೆ ಹಾಯ್ದು ಬಂದಿದ್ದ. ಬಂಡೆಗಳ ನಡುವೆ ನಾವಿಬ್ಬರೂ ತೋಳು ಹಿಡಿದು ಅವಳನ್ನು ನೀರಿನ ಹತ್ತಿರದ ಒಂದು ಚಪ್ಪಟೆ ಕಲ್ಲಿನವರೆಗೆ ತಂದೆವು. ಬೇವಿನ ಒಣ ತುದಿಯನ್ನು ತೋರಿಸಲು ನಾನು ಕೈ ಎತ್ತಿದೆ. ಅವಳು ಅದನ್ನು ಆಗಲೇ ನೋಡಿಯಾಗಿತ್ತು. "ಅದರ ಕೆಳಗ ನಮ್ಮ ಒಲಿ" ಅಂದಳು. "ಹೋಗು ಮಗಳ. ನಾ ಇಲ್ಲೇ ನಿಂತಿರತೀನಿ."

ಗುಡ್ಡೆಗೆ ಇಳಿದು ಐದು ಕಲ್ಲಿಗೆ ಸುಣ್ಣ ಹಚ್ಚಿದೆ. ಚರಗ ಕಲಸಿದೆ. ಬೆನ್ನಿಗೆ ಮೂಡಗಾಳಿ ಜೋರಾಗಿ ಹೊಡೆಯುತ್ತಿತ್ತು. ನೀರಿಗೆ ಅನ್ನ ಎರಚಿ, ಎದೆ ತುಂಬ ಉಸಿರು ತೆಗೆದು ಕೂಗಿದೆ: "ಹುಲ್ಲುಲ್ಲಿಗೋ!"

ಉತ್ತರ ಕೇಳಲಿಲ್ಲ.

ಗಾಳಿ, ಅಂಚಿಗೆ ಬಡಿಯುವ ನೀರು, ಅಷ್ಟೇ. ಎಂಟನೆಯ ವರ್ಷವೂ ಹಾಗೇ. ಮತ್ತೆ ಕೂಗಿದೆ. ಇಲ್ಲ. ಇಷ್ಟು ದೂರ ಕರೆತಂದು, ಅವಳೂ ಬಾಯಿ ತೆರೆದು, ಅದು ನನ್ನವರೆಗೆ ಮುಟ್ಟದೇ ಹೋಯಿತೇ ಎಂದು ತಲೆ ಎತ್ತಿ ಪಶ್ಚಿಮಕ್ಕೆ ನೋಡಿದೆ.

ಚಪ್ಪಟೆ ಕಲ್ಲಿನ ಮೇಲೆ ಏನೋ ಹಸಿರು ಹಾರಾಡುತ್ತಿತ್ತು. ಬೂಬು ತಲೆಯ ಮೇಲಿನ ಸೆರಗನ್ನು ತೆಗೆದು, ಒಂದು ಕೈಯಿಂದ ಮಗನ ಹೆಗಲು ಹಿಡಿದು, ಇನ್ನೊಂದು ಕೈಯಿಂದ ಗಾಳಿಗೆ ಬೀಸುತ್ತಿದ್ದಳು. ಎಂದೂ ತಲೆಯ ಮೇಲಿಂದ ಸೆರಗು ಜಾರಲು ಬಿಡದ ಹೆಂಗಸು.

ಎಷ್ಟು ಹೊತ್ತು ನಿಂತೆನೋ. ನನ್ನ ಕೂಗು ಗಾಳಿಯ ಜೊತೆ ಹೋಗಿ ಅವಳನ್ನು ಮುಟ್ಟುತ್ತದೆ. ಅವಳದು ಗಾಳಿಗೆ ಎದುರಾಗಿ ಬರಲಾರದು. ಎಳ್ಳಮಾವಾಸ್ಯೆಯಲ್ಲಿ ಗಾಳಿ ಯಾವತ್ತೂ ಮೂಡಲದ್ದೇ. ದೊಡ್ಡವ್ವ ಕೂಗಿ ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತಿದ್ದದ್ದು ಕೇಳಲಿಕ್ಕಲ್ಲ, ನೋಡಲಿಕ್ಕೆ. ನಾನು ತಲೆ ಬಗ್ಗಿಸಿ ತಂಬಿಗೆಯನ್ನೇ ನೋಡುತ್ತಿದ್ದೆ. ಮತ್ತು ಏಳು ವರ್ಷ ನಾನು ಮನೆಗೆ ಹೋಗಿ, ಗಂಟೆ ಬಾರಿಸಿದ ಹಾಗೆ ಕೇಳಿತು ಎಂದು ಹೇಳಿದ್ದೆ. ಆ ದೊಡ್ಡವ್ವನಿಗೆ.

ದಂಡೆಗೆ ಮರಳಿದಾಗ ಬೂಬು ಸೆರಗು ಹೊದ್ದು ಕೂತಿದ್ದಳು. "ಮೂರ ಸಲ ಅಂದೆ" ಅಂದಳು. "ನೀ ಎರಡ ಸಲ ಕೂಗಿದಿ, ನಾ ಮೂರ ಸಲ ಅಂದೆ. ಹಿಂದಿನದು ಒಂದ ಬಾಕಿ ತಿಳಕೊ."

ಗಾಡಿಯ ಮರೆಯಲ್ಲಿ ಅವಳ ಅಳತೆ ತೆಗೆದುಕೊಂಡೆ. ಕೈ ಎತ್ತಿ ನಿಂತಳು, ಹಿಂದೆ ಹರಗೋಲಿನ ಹುಟ್ಟು ಎತ್ತುತ್ತಿದ್ದಂತೆ. ಟೇಪು ಬಿಗಿದಷ್ಟೂ ತೋಳಿನ ಸುತ್ತ ಸಡಿಲವೇ ಉಳಿಯಿತು. ಎರಡು ಸಲ ಅಳೆದೆ. ಬರೆದುಕೊಂಡೆ. ಬೆಟಗೇರಿಗೆ ಈಗಲೇ ಬನ್ನಿ ಎಂದು ಕರೆದೆ. ಅವಳು ಚೀಲದಿಂದ ಏಳೂ ಖಣ ತೆಗೆದು ನನ್ನ ಕೈಗಿತ್ತಳು. "ಹೊಲಿ. ತೊಟಗೊಂಡ ಬರ್ತೀನಿ. ಆಕಿ ಕೊಟ್ಟದ್ದನ್ನ ತೊಡಲಾರದ ಹೆಂಗ ಆಕಿ ಮುಂದ ನಿಂದರ್ಲಿ?"

ಸಂಜೆ ಬಾಗಿಲು ದಾಟುವ ಮುಂಚೆಯೇ ಪ್ರಶ್ನೆ ಬಂತು. "ಬಂತೇನ ಉತ್ತರ?"

ಚಪ್ಪಲಿ ಬಿಡುತ್ತ ಹೇಳಿದೆ: "ಕೇಳಲಿಲ್ಲ ದೊಡ್ಡವ್ವ. ಸೆರಗ ಬೀಸಿದ್ಲು."

ದೊಡ್ಡವ್ವ "ಹೂಂ" ಅನ್ನಲಿಲ್ಲ. ಕೋಲು ಗೋಡೆಗೆ ಒರಗಿಸಿ, ಎರಡೂ ಕೈ ಊರಿ ನೆಟ್ಟಗೆ ಕೂತಳು. ನನ್ನ ಏಳು ವರ್ಷದ ಸುಳ್ಳಿನ ಬಗ್ಗೆ ಒಂದು ಮಾತಿಲ್ಲ. "ಯಾವ ಬಣ್ಣದ ಸೀರಿ?" ಅಂದಳು.

"ಹಸರು."

"ಹಲ್ಲ ಅದಾವೇನು?"

"ಇಲ್ಲ."

"ಗಂಡ?"

"ಹೋಗ್ಯಾರಂತ. ಮೊದಲನೇ ವರ್ಷನ."

"ಅಯ್ಯ ಶಿವನ." ಮತ್ತೆ ಶುರು ಮಾಡಿದಳು. ಮಗನಿಗೆ ಮಕ್ಕಳೆಷ್ಟು, ಸೊಸೆ ನೋಡಿಕೊಳ್ಳುತ್ತಾಳೆಯೇ, ಇನ್ನೂ ಎಲೆ ಅಡಿಕೆ ಹಾಕುತ್ತಾಳೆಯೇ, ಬೇವಿನಮರ ನೋಡಿ ಏನು ಅಂದಳು. ಏಳು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ ಇಷ್ಟು ಪ್ರಶ್ನೆಗಳನ್ನು. ನಾನು ಒಂದೊಂದಕ್ಕೂ ಕಂಡದ್ದನ್ನೇ ಹೇಳಿದೆ, ಕಾಣದ್ದನ್ನು ಗೊತ್ತಿಲ್ಲ ಅಂದೆ.

"ಅಳತಿ?" ಅಂದಳು ಕಡೆಗೆ.

ವಹಿ ತೆಗೆದು ಓದಿದೆ. ಉದ್ದ, ಎದೆ, ಬೆನ್ನು. ತಲೆಯಾಡಿಸುತ್ತ ಕೇಳುತ್ತಿದ್ದವಳು ತೋಳಿಗೆ ಬಂದಾಗ ತಡೆದಳು. "ಎಷ್ಟ ಅಂದಿ?"

"ಎಂಟೂವರಿ ಇಂಚ."

ದೊಡ್ಡವ್ವ ತನ್ನ ಎರಡೂ ಕೈಯ ಬೆರಳು ಸೇರಿಸಿ ಗಾಳಿಯಲ್ಲಿ ಒಂದು ದಪ್ಪ ತೋಳಿನಷ್ಟು ಸುತ್ತು ಮಾಡಿದಳು. ಅದನ್ನೇ ನೋಡುತ್ತ ಮೆಲ್ಲಗೆ ಕಿರಿದು ಮಾಡುತ್ತ ಬಂದಳು. ಎಂಟೂವರೆಗೆ ಬರುವಷ್ಟರಲ್ಲಿ ಬೆರಳು ಒಂದರ ಮೇಲೊಂದು ಹತ್ತಿದ್ದವು. ಕೈ ಮಡಿಲಿಗೆ ಇಳಿಸಿದಳು.

"ಒಳಗ ಬಟ್ಟಿ ಬಿಟ್ಟ ಹೊಲಿ" ಅಂದಳು. "ಬಿಚ್ಚಿದ್ರ ದೊಡ್ಡದಾಗಬೇಕು."

ಮರುದಿನ ಬೆಳಿಗ್ಗೆ ಮೊದಲ ವರ್ಷದ ಖಣವನ್ನೇ ಆರಿಸಿ ಇಸ್ತ್ರಿಗೆ ಹಾಕಿದೆ. ಟ್ರಂಕಿನ ತಳದಲ್ಲಿ ಮಡಿಸಿ ಇದ್ದದ್ದು, ಮಡಿಕೆಯ ಗೆರೆ ಬೆಳ್ಳಗೆ ಕೂತುಬಿಟ್ಟಿತ್ತು. ನೀರು ಚಿಮುಕಿಸಿ ಮೂರು ಸಲ ತೀಡಿದರೂ ಹೋಗಲಿಲ್ಲ. ಪಡಸಾಲೆಯಿಂದ ನೋಡುತ್ತಿದ್ದ ದೊಡ್ಡವ್ವ ಅಂದಳು, "ಸಾಕ ಬಿಡ, ಬಟ್ಟಿ ಸುಟ್ಟೀತು. ಆಕಿ ಮೈಮ್ಯಾಲ ನಾಕ ದಿನ ಇದ್ರ ಹೋಗತೈತಿ."